ವಿಧಾನಸಭೆಯಲ್ಲಿ ಪಕ್ಷಗಳೆಷ್ಟು? ಒಬ್ಬ ಇಂಜಿನಿಯರ್ ಹಾಕಿದ ಲೆಕ್ಕ

2023ರ ಚುನಾವಣೆಯಲ್ಲಿ ನಮ್ಮ ವಿಧಾನಸಭೆಗೆ ಎಷ್ಟು ಪಕ್ಷಗಳು ಬಂದವು? ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಉಳಿದ ನಾಲ್ಕು ಸೀಟುಗಳಲ್ಲಿ ಇಬ್ಬರು ಪಕ್ಷೇತರರು, ಮತ್ತೆರಡು ಒಂದೊಂದು ಸೀಟಿನ ಪಕ್ಷಗಳು. ಹಾಗಾದ್ರೆ ಐದು ಅನ್ನೋಣವೇ? 135ಕ್ಕೂ 1ಕ್ಕೂ ಒಂದೇ ತೂಕ ಕೊಟ್ಟಂತಾಯ್ತು. ಮೂರೇ ಅಂದ್ರೆ, ಎಷ್ಟು ಚಿಕ್ಕದಿದ್ದರೆ ಬಿಡಬಹುದು ಅಂತ ತೀರ್ಮಾನಿಸೋರು ಯಾರು?

ಈ ತಕರಾರಿಗೆ ಒಂದು ಒಳ್ಳೆಯ ಉತ್ತರ ಕೊಟ್ಟವರು ರೈನ್ ಟಾಗೆಪೆರಾ. ಹುಟ್ಟಿದ್ದು 1933ರಲ್ಲಿ, ಎಸ್ಟೋನಿಯಾದ ಟಾರ್ಟು ಊರಲ್ಲಿ. ಯುದ್ಧಕಾಲದಲ್ಲಿ, 1944ರಲ್ಲಿ, ದೇಶ ಬಿಟ್ಟರು. ಮೊರಾಕೊದಲ್ಲಿ ಶಾಲೆ, ಟೊರಾಂಟೊದಲ್ಲಿ ಇಂಜಿನಿಯರಿಂಗ್, 1965ರಲ್ಲಿ ಡೆಲವೇರ್‌ನಲ್ಲಿ ಭೌತಶಾಸ್ತ್ರದ ಪಿಎಚ್‌ಡಿ. ಕೆಲವು ವರ್ಷ ಕಂಪನಿ ಕೆಲಸ ಮಾಡಿ, 1970ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರಾದರು. ಬ್ರಾಂಚ್ ಚೇಂಜ್ ಅಂದ್ರೆ ಇದು!

1979ರಲ್ಲಿ ಅವರೂ ಫಿನ್‌ಲೆಂಡಿನ ಮಾರ್ಕ್ಕು ಲಾಕ್ಸೊ ಅವರೂ ಕೊಟ್ಟ ಸೂತ್ರ ತೀರಾ ಸರಳ. ಪ್ರತಿ ಪಕ್ಷದ ಪಾಲನ್ನು ವರ್ಗ ಮಾಡಿ, ಎಲ್ಲ ಕೂಡಿಸಿ, ಒಂದನ್ನು ಆ ಮೊತ್ತದಿಂದ ಭಾಗಿಸಿ. ಅಂದ್ರೆ ಪ್ರತಿ ಪಕ್ಷದ ತೂಕ ಅದರ ಪಾಲೇ. ಚಿಕ್ಕವು ತಾವಾಗಿಯೇ ಕರಗಿಹೋಗುತ್ತವೆ. ಮೂರು ಸಮಬಲದ ಪಕ್ಷಗಳಿದ್ದರೆ ಉತ್ತರ ಸರಿಯಾಗಿ 3. ನಮ್ಮ 2023ರ ಸದನಕ್ಕೆ ಕ್ಯಾಲ್ಕುಲೇಟರ್ ಒತ್ತಿದರೆ 2.19. 2018ರ ಮೇ ತಿಂಗಳ ಫಲಿತಾಂಶಕ್ಕೆ (222 ಸೀಟು: 104, 78, 37, ಮೂರು ಒಂಟಿ) 2.70. ಆ ವರ್ಷ ಯಾರಿಗೂ ಬಹುಮತ ಬರದೆ ನಡೆದ ರಂಪಾಟ ನೆನಪಿದೆಯಲ್ಲ?

ಅಳೆಯೋದು ಇಷ್ಟೇ. ಊಹಿಸೋದು ಹೇಗೆ? ನನಗೆ ಹೆಚ್ಚು ಹಿಡಿಸಿದ್ದು ಈ ಭಾಗ. ಇಡೀ ರಾಜ್ಯ ಒಂದೇ ಕ್ಷೇತ್ರ ಅಂದುಕೊಳ್ಳಿ. 224 ಸೀಟಿಗೆ ಕನಿಷ್ಠ 1, ಗರಿಷ್ಠ 224 ಪಕ್ಷಗಳು ಗೆಲ್ಲಬಹುದು. ಬೇರೆ ಏನೂ ಗೊತ್ತಿಲ್ಲದಾಗ ಎರಡರ ಗುಣೋತ್ತರ ಸರಾಸರಿ ಹಿಡಿಯಿರಿ: ಸುಮಾರು 15. ಆದರೆ ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಂದೇ ಸೀಟು, ಚಿಕ್ಕವರಿಗೆ ಕಷ್ಟ. ಹಾಗಾಗಿ ಸಂಖ್ಯೆ 1ಕ್ಕೂ 15ಕ್ಕೂ ನಡುವೆ. ಮತ್ತೆ ಅದೇ ಸರಾಸರಿ: 3.87. ಅಷ್ಟು ಪಕ್ಷಗಳಿದ್ದರೆ ಅತಿದೊಡ್ಡದರ ಪಾಲು 1/3.87ಕ್ಕಿಂತ ಕಮ್ಮಿ ಇರಲಾರದು, 1ಕ್ಕಿಂತ ಜಾಸ್ತಿಯೂ ಇರಲಾರದು. ಇನ್ನೊಂದು ಸಲ ಸರಾಸರಿ ತೆಗೆದರೆ 0.508, ಅಂದ್ರೆ 114 ಸೀಟು. ಬಹುಮತಕ್ಕೆ ಬೇಕಾದದ್ದು 113! ಇದೇ ದಾರಿಯಲ್ಲಿ ಮುಂದೆ ಹೋಗಿ, ಪಕ್ಷಗಳ ಪರಿಣಾಮಕಾರಿ ಸಂಖ್ಯೆ ಒಟ್ಟು ಸೀಟುಗಳ ಆರನೇ ಮೂಲ ಅಂತಾರೆ ಅವರು. 224ಕ್ಕೆ ಅದು 2.46. ನಮ್ಮ 2.19 ಮತ್ತು 2.70ರ ನಡುವೆಯೇ ಬಂತು. ಜಾತಿ, ಹಣ, ನಾಯಕರು ಯಾವುದನ್ನೂ ಮುಟ್ಟದೆ!

ಡೇಟಾ ಸಿಕ್ಕ ಕೂಡಲೇ ರಿಗ್ರೆಶನ್ ಓಡಿಸುವವರ ಮೇಲೆ ಅವರಿಗೆ ಸಿಟ್ಟಿತ್ತು. ಮೊದಲು ಮಿತಿಗಳನ್ನು ಯೋಚಿಸಿ, ಆಮೇಲೆ ಡೇಟಾ ಮುಟ್ಟಿ ಅನ್ನೋದು ಅವರ ವಾದ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ನಮಗೂ ಸ್ವಲ್ಪ ಚುಚ್ಚುತ್ತೆ.

ಲೆಕ್ಕ ಹಾಕುತ್ತಲೇ ಕೂರಲಿಲ್ಲ ಈ ಮನುಷ್ಯ. 1992ರಲ್ಲಿ ಎಸ್ಟೋನಿಯಾದ ಅಧ್ಯಕ್ಷ ಚುನಾವಣೆಗೆ ನಿಂತು ಸುಮಾರು ಶೇ. 23 ಮತ ಪಡೆದು ಮೂರನೆಯವರಾದರು. 2001ರಲ್ಲಿ ರೆಸ್ ಪಬ್ಲಿಕಾ ಪಕ್ಷದ ಮೊದಲ ಅಧ್ಯಕ್ಷರಾದರು. ಆ ಪಕ್ಷ 2003ರಲ್ಲಿ 101ರಲ್ಲಿ 28 ಸೀಟು ಗೆದ್ದು ಪ್ರಧಾನಿ ಹುದ್ದೆಯನ್ನೇ ಹಿಡಿಯಿತು. 2008ರಲ್ಲಿ ರಾಜ್ಯಶಾಸ್ತ್ರದ ದೊಡ್ಡ ಗೌರವವಾದ ಯೊಹಾನ್ ಶ್ಯೂಟ್ಟೆ ಪ್ರಶಸ್ತಿಯೂ ಬಂತು.

ಸೂತ್ರ ಎಲ್ಲ ಕಡೆ ನಡೆಯುತ್ತಾ? ಇಲ್ಲ. ಲೋಕಸಭೆಯ 543ಕ್ಕೆ ಆರನೇ ಮೂಲ 2.86, 2009ರ ಸದನದ ಲೆಕ್ಕ ಹಾಕಿದರೆ ಬರೋದು ಹತ್ತಿರ ಹತ್ತಿರ 5. ತಮಿಳುನಾಡಿನ ಜಗಳ ಒಂದು, ಬಂಗಾಳದ್ದು ಇನ್ನೊಂದು, ನಮ್ಮದು ಮತ್ತೊಂದು. ಎಲ್ಲರೂ ದೆಹಲಿಯಲ್ಲಿ ಒಟ್ಟಿಗೆ ಕೂತಾಗ ಸಂಖ್ಯೆ ಹಿಗ್ಗುತ್ತೆ. ಆದರೆ 2014ರ ಸದನಕ್ಕೆ ಅದು 3.5ರ ಆಸುಪಾಸಿಗೆ ಇಳಿದಿದೆ. ಬಿಜೆಪಿ 282, ಕಾಂಗ್ರೆಸ್ 44 ಅಂತ ಶುರು ಮಾಡಿ, ನೀವೇ ಹಾಕಿ ನೋಡಿ.