ಅತಿಥಿಗಳನ್ನು ಸಭಾಂಗಣದಲ್ಲೇ ಕೂಡಿಹಾಕಬೇಡಿ

ವಿಶ್ವವಿದ್ಯಾಲಯಗಳ ಕ್ಯಾಂಪಸ್ ರೂಪಿಸುವ ವಾಸ್ತುಶಿಲ್ಪಿಗಳ ಸಮ್ಮೇಳನವನ್ನು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನಡೆಸುವ ಯೋಚನೆಯಿದ್ದರೆ, ಬಿರುಬೇಸಿಗೆ ಬೇಡ, ಜನವರಿ ಹಿಡಿಯಿರಿ. ಭಾಷಣಗಳು ಬೆಳಿಗ್ಗೆಯೇ ಮುಗಿಯಲಿ. ಕ್ಯಾಂಪಸ್ ಇರುವುದು ತೊರವಿಯಲ್ಲಿ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸತೊಡಗಿದ ನವರಸಪುರದ ಅವಶೇಷಗಳೂ ಅಲ್ಲೇ. ಮಧ್ಯಾಹ್ನ ತೋರಿಸಿ.

ಮರುದಿನ ಇಂಡಿ, ಸಿಂದಗಿ ಕಡೆಯ ಹಿಂಗಾರಿ ಜೋಳದ ಹೊಲಕ್ಕೆ ಕರೆದೊಯ್ಯಿರಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಒಣಗಿದರೆ ಬೆರಳು ಇಳಿಯುವಷ್ಟು ಬಿರಿಯುತ್ತದೆ. ಇಂಥ ನೆಲದಲ್ಲಿ ಅಡಿಪಾಯ ಹಾಕಿಸುವವರು ಬಗ್ಗಿ ಆ ಬಿರುಕನ್ನು ಮುಟ್ಟಿ ನೋಡಲೇಬೇಕು. ಅದಕ್ಕೆ ಸ್ಲೈಡ್ ಸಾಟಿಯಲ್ಲ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅನುಭವಿ ಗೌಂಡಿಗಳನ್ನೂ ವೇದಿಕೆಗೆ ಕರೆಯಿರಿ. ಅವರ ದಿನಗೂಲಿಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಿ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಾಕು.