ಕಂಸಾಳೆಯಿಂದ ರಾಕ್‌ವರೆಗೆ: ಅರ್ಧ ಗಂಟೆಯ ಬಾನುಲಿ ಕಾರ್ಯಕ್ರಮ ಕಟ್ಟುವ ಬಗೆ

ಒಂದು ವಿಷಯವನ್ನು ಆಧಾರವಾಗಿಟ್ಟುಕೊಂಡು, ಆಯ್ದ ಹಾಡುಗಳನ್ನು ನಿರೂಪಣೆಯ ಎಳೆಯಲ್ಲಿ ಪೋಣಿಸಿ ಪ್ರಸಾರ ಮಾಡುವ ಕಾರ್ಯಕ್ರಮವನ್ನು ವಿಷಯಾಧಾರಿತ ಕಾರ್ಯಕ್ರಮವೆಂದೂ, ಅದರ ಹಾಡುಗಳ ಕ್ರಮಬದ್ಧ ಪಟ್ಟಿಯನ್ನು ಪ್ಲೇಲಿಸ್ಟ್ ಎಂದೂ ಕರೆಯಲಾಗುತ್ತದೆ. ಸಂಗೀತ ಚರಿತ್ರೆಯ ವಾರ್ಷಿಕ ದಿನಗಳು, ಅಂದರೆ ಕಲಾವಿದರ ಹುಟ್ಟು-ಸಾವಿನ ದಿನಗಳು ಮತ್ತು ಹೆಸರಾಂತ ಹಾಡುಗಳ ಧ್ವನಿಮುದ್ರಣವೋ ಬಿಡುಗಡೆಯೋ ಆದ ದಿನಗಳು, ಇಂತಹ ಕಾರ್ಯಕ್ರಮಕ್ಕೆ ಒಳ್ಳೆಯ ನೆಪವಾಗುತ್ತವೆ. ಇಂತಹ ಕಾರ್ಯಕ್ರಮವನ್ನು ಹೊತ್ತು ತರುವ ಬಾನುಲಿಗೂ ಮೈಸೂರು ಸೀಮೆಗೂ ಹಳೆಯ ನಂಟಿದೆ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದೂ ಆ ನಿಲಯದಿಂದಲೇ ಆದ್ದರಿಂದ, ಈ ಸೀಮೆಯ ಕೇಳುಗರಿಗೆ ಬಾನುಲಿ ಹೊರಗಿನಿಂದ ಬಂದ ವಸ್ತುವಲ್ಲ. 2006ರ ಸಮುದಾಯ ಬಾನುಲಿ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಸಣ್ಣ ವ್ಯಾಪ್ತಿಯ ನಿಲಯ ನಡೆಸಲು ಅವಕಾಶ ಕೊಟ್ಟ ಬಳಿಕ ಸರಗೂರಿನ ‘ಜನಧ್ವನಿ’ಯಂತಹ ನಿಲಯಗಳು ಹುಟ್ಟಿಕೊಂಡವು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿ ತಯಾರಾಗಿರಬೇಕೆಂಬುದು ಆ ನೀತಿಯ ಒಂದು ನಿಯಮ.

ಹನೂರು, ಕೊಳ್ಳೇಗಾಲ, ಯಳಂದೂರು ಭಾಗದ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಕಲಾಸಂಘಗಳ ಕಾರ್ಯಕರ್ತರು ಏಪ್ರಿಲ್ ತಿಂಗಳಿಗೆ ಸಿದ್ಧಪಡಿಸಬಹುದಾದ ಅರ್ಧ ಗಂಟೆಯ ಕಾರ್ಯಕ್ರಮವೊಂದರ ಮಾದರಿಯನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಹಂತ 1: ದಿನಾಂಕವನ್ನು ಆರಿಸಿ ಪರಿಶೀಲಿಸುವುದು

ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಚಾಮರಾಜನಗರ ಜಿಲ್ಲೆಯ ಗಡಿಗೆ ಹೊಂದಿಕೊಂಡಿರುವ, ಇಂದು ತಮಿಳುನಾಡಿಗೆ ಸೇರಿದ ತಾಳವಾಡಿ ಭಾಗದ ಗಾಜನೂರಿನಲ್ಲಿ. ಅವರು ಕಣ್ಮುಚ್ಚಿದ್ದು 2006ರ ಏಪ್ರಿಲ್ 12ರಂದು. ರಾಕ್ ಸಂಗೀತವನ್ನು ಜಗತ್ತಿನಾದ್ಯಂತ ಹರಡಿದ ‘ರಾಕ್ ಅರೌಂಡ್ ದ ಕ್ಲಾಕ್’ ಹಾಡನ್ನು ಬಿಲ್ ಹ್ಯಾಲಿ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಮುದ್ರಿಸಿದ್ದೂ ಏಪ್ರಿಲ್ 12ರಂದೇ, 1954ರಲ್ಲಿ. ರಾಜ್‌ಕುಮಾರ್ ನಾಯಕನಟರಾಗಿ ಕಾಣಿಸಿಕೊಂಡ ‘ಬೇಡರ ಕಣ್ಣಪ್ಪ’ ತೆರೆಕಂಡದ್ದು ಅದೇ 1954ರಲ್ಲಿ. ಹೀಗೆ ಒಂದು ದಿನಾಂಕ ಮತ್ತು ಒಂದು ವರ್ಷ ಎರಡು ಲೋಕಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸುತ್ತವೆ.

ಧ್ವನಿಮುದ್ರಣದ ದಿನ, ಬಿಡುಗಡೆಯ ದಿನ ಮತ್ತು ಜನಪ್ರಿಯತೆಯ ಕಾಲ ಬೇರೆ ಬೇರೆ ಎಂಬುದನ್ನು ಈ ಹಂತದಲ್ಲಿ ಮರೆಯಬಾರದು. ಹ್ಯಾಲಿಯ ಹಾಡು 1954ರ ಮೇ ತಿಂಗಳಲ್ಲಿ ಬಿಡುಗಡೆಯಾದರೂ ಅದಕ್ಕೆ ದೊಡ್ಡ ಗೆಲುವು ಸಿಕ್ಕಿದ್ದು 1955ರಲ್ಲಿ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಲನಚಿತ್ರದಲ್ಲಿ ಬಳಕೆಯಾದ ಮೇಲೆ. ಅದರಲ್ಲಿ ಮಿಂಚಿನಂತೆ ಗಿಟಾರ್ ನುಡಿಸಿದ ಡ್ಯಾನಿ ಸೆಡ್ರೋನ್ ಆ ಗೆಲುವನ್ನು ಕಾಣದೆ 1954ರ ಜೂನ್‌ನಲ್ಲೇ ತೀರಿಕೊಂಡಿದ್ದರು. ಆದ್ದರಿಂದ ಪ್ರತಿಯೊಂದು ದಿನಾಂಕದ ಮುಂದೆ ಅದು ಯಾವುದರ ದಿನಾಂಕ ಎಂಬುದನ್ನು ಬರೆದಿಟ್ಟುಕೊಂಡು, ಒಂದಕ್ಕಿಂತ ಹೆಚ್ಚು ಆಕರಗಳಲ್ಲಿ ತಾಳೆ ನೋಡಿದ ನಂತರವೇ ಅದನ್ನು ನಿರೂಪಣೆಗೆ ಸೇರಿಸಬೇಕು.

ಹಂತ 2: ಹಾಡುಗಳನ್ನು ಕೂಡಿಸುವ ಎಳೆ ಹುಡುಕುವುದು

ದಿನಾಂಕ ಕೇಳುಗರನ್ನು ಬಾಗಿಲವರೆಗೆ ಕರೆತರುತ್ತದೆ. ಅವರನ್ನು ಒಳಗೆ ಕೂರಿಸುವುದು ಹಾಡುಗಳ ನಡುವೆ ಕಿವಿಗೇ ತಿಳಿಯುವ ನಂಟು. ಈ ಮಾದರಿಯಲ್ಲಿ ಆ ನಂಟು ತಾಳದ್ದು. ರಾಕ್ ಸಂಗೀತದ ನಾಲ್ಕು ಎಣಿಕೆಯ ಆವರ್ತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಡ್ರಮ್ಮಿನ ಗಟ್ಟಿ ಪೆಟ್ಟು ಬೀಳುತ್ತದೆ. ಇದನ್ನು ಬ್ಯಾಕ್‌ಬೀಟ್ ಎನ್ನುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ದೇವರಗುಡ್ಡರೆಂಬ ಹಾಡುಗಾರರು ಮಾದಪ್ಪನ, ಅಂದರೆ ಮಹದೇಶ್ವರನ, ಕಥೆಯನ್ನು ಹಾಡುವಾಗ ಹಾಡಿಗೆ ಬೆನ್ನೆಲುಬಾಗುವುದು ಕಂಸಾಳೆಯ ಪೆಟ್ಟು. ಕಂಸಾಳೆ ಎಂಬುದು ಕಂಚಿನ ಜೋಡಿತಾಳ: ಬಟ್ಟಲಿನಾಕಾರದ ಒಂದು ಭಾಗ ಎಡ ಅಂಗೈಯಲ್ಲಿ ಕೂರುತ್ತದೆ, ಚಪ್ಪಟೆಯಾದ ಇನ್ನೊಂದು ಭಾಗ ಬಲಗೈಯ ದಾರದ ತುದಿಯಲ್ಲಿ ತೂಗಾಡುತ್ತ ಬಂದು ಅದಕ್ಕೆ ಬಡಿಯುತ್ತದೆ, ಬಡಿದ ಮೇಲೂ ಕಂಚಿನ ನಾದ ಒಂದಿಷ್ಟು ಹೊತ್ತು ಗಾಳಿಯಲ್ಲಿ ಉಳಿಯುತ್ತದೆ. ಎರಡು ಪರಂಪರೆಗಳ ಲೆಕ್ಕಾಚಾರ ಬೇರೆಯಾದರೂ, ಪೆಟ್ಟಿನ ಬಲದಿಂದ ಕೇಳುಗರ ಮೈಯನ್ನೇ ಕುಣಿಸುವ ಗುಣ ಎರಡರಲ್ಲೂ ಇದೆ.

ಈ ನಂಟನ್ನು ಕನ್ನಡ ಚಿತ್ರಗೀತೆ ಈಗಾಗಲೇ ಕಂಡುಕೊಂಡಿದೆ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ‘ಕೋಲುಮಂಡೆ’ ಗೀತೆ ಮಾದಪ್ಪನ ಜನಪದ ಹಾಡುಗಾರಿಕೆಯ ನೆಲದಿಂದ ಬಂದದ್ದು. 2008ರ ‘ಸೈಕೋ’ ಚಿತ್ರಕ್ಕಾಗಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸಂಯೋಜಿಸಿ ಹಾಡಿದ ಮಹದೇಶ್ವರನ ಹಾಡು ಭಕ್ತಿಯನ್ನು ರಾಕ್ ಲಯದಲ್ಲಿ ಮೊಳಗಿಸಿತು.

ಹಂತ 3: ಊರಿನ ದನಿಯನ್ನು ಮುದ್ರಿಸಿಕೊಳ್ಳುವುದು

ಕಾರ್ಯಕ್ರಮದ ಜೀವಾಳವಾದ ಸ್ಥಳೀಯ ಕಂಸಾಳೆ ಮೇಳದ ಹಾಡು ಮುದ್ರಣವಾಗುವುದು ಈ ಹಂತದಲ್ಲಿ. ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಮೀಸಲಿಡುವುದು ಒಳಿತು. ಮಾದಪ್ಪನ ಮಹಾಕಾವ್ಯವು ‘ಸಾಲು’ಗಳೆಂಬ ಭಾಗಗಳಲ್ಲಿ ಹಾಡಲ್ಪಡುವುದರಿಂದ, ಸಂಕಮ್ಮನ ಸಾಲು ಅಥವಾ ಜುಂಜೇಗೌಡನ ಸಾಲಿನ ಯಾವ ಭಾಗವನ್ನು ನಾಲ್ಕೈದು ನಿಮಿಷಗಳಲ್ಲಿ ಹಾಡಬಹುದೆಂಬುದನ್ನು ಮೇಳದ ಹಿರಿಯರೇ ನಿರ್ಧರಿಸುವಂತೆ ಕೇಳಿಕೊಳ್ಳಬೇಕು. ಯುಗಾದಿಯ ಜಾತ್ರೆಯ ಸುಮಾರಿಗೆ ಮೇಳಗಳು ಬೆಟ್ಟದಲ್ಲಿ ಸೇರುವುದರಿಂದ ಭೇಟಿಗೆ ಅದು ಅನುಕೂಲದ ಕಾಲವಾದರೂ, ಜಾತ್ರೆಯ ಗದ್ದಲದಲ್ಲಿ ಮುದ್ರಣ ಮಾಡದೆ ಬೇರೊಂದು ದಿನ ನಿಶ್ಶಬ್ದವಾದ ಸ್ಥಳವನ್ನು ಗೊತ್ತುಮಾಡಿಕೊಳ್ಳುವುದು ಸೂಕ್ತ.

ಕಂಚಿನ ನಾದ ತೀಕ್ಷ್ಣವಾದದ್ದು. ಮೈಕನ್ನು ಕಂಸಾಳೆಯ ಹತ್ತಿರ ಹಿಡಿದರೆ ಪೆಟ್ಟು ಬಿದ್ದಾಗಲೆಲ್ಲ ಧ್ವನಿ ಒಡೆಯುತ್ತದೆ. ಮುಖ್ಯ ಗಾಯಕರು ಮೈಕಿಗೆ ಹತ್ತಿರವೂ, ಕಂಸಾಳೆ ಹಿಡಿದವರು ಎರಡು ಮೂರು ಮೀಟರ್ ದೂರವೂ ನಿಂತರೆ ಮಾತು ಮತ್ತು ನಾದ ಎರಡೂ ಹದವಾಗಿ ಕೇಳುತ್ತವೆ. ಬಯಲಿನಲ್ಲಿ ಮುದ್ರಿಸುವಾಗ ಮೈಕಿಗೆ ತೆಳುವಾದ ಸ್ಪಂಜು ಅಥವಾ ಬಟ್ಟೆ ಹೊದಿಸಬೇಕು, ಮೊದಲು ಒಂದು ನಿಮಿಷ ಪರೀಕ್ಷಾರ್ಥ ಮುದ್ರಿಸಿ ಕೇಳಬೇಕು, ಹಾಡು ಮುಗಿದ ಕೂಡಲೇ ಯಂತ್ರ ನಿಲ್ಲಿಸದೆ ಕೊನೆಯ ನಾದ ಪೂರ್ತಿ ಅಡಗುವವರೆಗೆ ಕಾಯಬೇಕು. ಕಲಾವಿದರಿಗೆ ಗೌರವಧನ ಸಲ್ಲಿಸುವುದು, ಪ್ರಸಾರಕ್ಕೆ ಅವರಿಂದ ಲಿಖಿತ ಒಪ್ಪಿಗೆ ಪಡೆಯುವುದು ಮತ್ತು ಅವರ ಹೆಸರು, ಊರುಗಳನ್ನು ಪ್ರಸಾರದಲ್ಲಿ ತಪ್ಪಿಲ್ಲದೆ ಹೇಳುವುದು ಕಾರ್ಯಕ್ರಮ ಕಟ್ಟುವವರ ಕರ್ತವ್ಯ.

ಹಂತ 4: ಕ್ರಮ ಮತ್ತು ಕಾಲದ ಲೆಕ್ಕ

ಮೂವತ್ತು ನಿಮಿಷಗಳಲ್ಲಿ ಹಾಡುಗಳಿಗೆ ಸುಮಾರು 22, ನಿರೂಪಣೆಗೆ 6, ಆರಂಭ ಮತ್ತು ಮುಕ್ತಾಯದ ಸಂಕೇತ ಸಂಗೀತಕ್ಕೆ 1, ಹೆಚ್ಚುಕಡಿಮೆಗೆಂದು 1 ನಿಮಿಷವನ್ನು ಇಟ್ಟುಕೊಳ್ಳಬಹುದು. ಹಾಡುಗಳ ಕ್ರಮ ಹೀಗಿರಬಹುದು:

1. ಸ್ಥಳೀಯ ಮೇಳದ ಕಂಸಾಳೆ ಪದ.
2. ‘ರಾಕ್ ಅರೌಂಡ್ ದ ಕ್ಲಾಕ್’ (1954). ಇದರ ಅವಧಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು.
3. ‘ಸಂಪತ್ತಿಗೆ ಸವಾಲ್’ (1974) ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡುವ ಗೀತೆ.
4. ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರಕ್ಕೆ ಅವರು ಹಾಡಿದ ಇಂಗ್ಲಿಷ್ ಗೀತೆ.
5. ‘ಜನುಮದ ಜೋಡಿ’ಯ ‘ಕೋಲುಮಂಡೆ’ ಗೀತೆ.
6. ‘ಸೈಕೋ’ ಚಿತ್ರದ ಮಹದೇಶ್ವರನ ಹಾಡು.

ಮೂರು ಮತ್ತು ನಾಲ್ಕನೆಯ ಹಾಡುಗಳೆರಡಕ್ಕೂ ಜಿ.ಕೆ. ವೆಂಕಟೇಶ್ ಅವರದೇ ಸಂಗೀತವಿರುವುದರಿಂದ, ಒಬ್ಬನೇ ಗಾಯಕ ಮತ್ತು ಒಬ್ಬನೇ ಸಂಯೋಜಕ ಹಳ್ಳಿಯ ವರಸೆಯಿಂದ ಪಾಶ್ಚಾತ್ಯ ಧಾಟಿಗೆ ನಡೆದುಹೋಗುವುದನ್ನು ಕೇಳುಗರು ನೇರವಾಗಿ ಅನುಭವಿಸುತ್ತಾರೆ. ಹಾಡು, ಅವಧಿ, ಆರಂಭದ ಹೊತ್ತು, ಅದರ ಮುಂದಿನ ಮಾತು ಇವಿಷ್ಟನ್ನೂ ಸಾಲಾಗಿ ನಮೂದಿಸಿದ ಹಾಳೆಯನ್ನು ಕ್ಯೂ ಶೀಟ್ ಎನ್ನುತ್ತಾರೆ. ತಂತ್ರಜ್ಞರಿಗೂ ಉದ್ಘೋಷಕರಿಗೂ ಅದರ ಒಂದೊಂದು ಪ್ರತಿ ಇರಬೇಕು.

ಹಂತ 5: ನಿರೂಪಣೆ ಬರೆಯುವುದು

ಪ್ರತಿ ಹಾಡಿಗೆ ಮೊದಲು ಸುಮಾರು ಒಂದು ನಿಮಿಷದ ಮಾತು ಸಾಕು. ಬರೆದದ್ದನ್ನು ಗಟ್ಟಿಯಾಗಿ ಓದಿ ಗಡಿಯಾರದಲ್ಲಿ ಅಳೆದ ಮೇಲೆ ಅದನ್ನು ಅಂತಿಮಗೊಳಿಸಬೇಕು. ಒಂದು ತುಣುಕಿನಲ್ಲಿ ಒಂದೇ ಸಂಗತಿ ಇದ್ದು, ಅದರ ಕೊನೆಯಲ್ಲಿ ಕೇಳುಗರು ಯಾವುದಕ್ಕೆ ಕಿವಿಗೊಡಬೇಕೆಂಬ ಸೂಚನೆ ಬಂದರೆ, ಡ್ರಮ್ಮಿನ ಪೆಟ್ಟೋ ಕಂಚಿನ ನಾದವೋ ಅವರಿಗೆ ಹೊಸದಾಗಿ ಕೇಳಿಸುತ್ತದೆ. ಮಾದಪ್ಪನ ಹಾಡುಗಳು ಲಕ್ಷಾಂತರ ಭಕ್ತರ ನಂಬಿಕೆಗೆ ಸೇರಿದವು ಎಂಬ ಎಚ್ಚರವೂ ಬೇಕು. 2020ರಲ್ಲಿ ‘ಕೋಲುಮಂಡೆ’ಯ ರ‍್ಯಾಪ್ ರೂಪದ ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ಚಿತ್ರಿಸಿದ ಬಗೆಗೆ ಭಕ್ತರು ಆಕ್ಷೇಪಿಸಿದ್ದರಿಂದ ಆ ವಿಡಿಯೊವನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೊಸ ರೂಪವನ್ನು ಪರಿಚಯಿಸುವ ಮುನ್ನ ಮೂಲ ಪದವನ್ನು ಗೌರವದಿಂದ ಕೇಳಿಸಬೇಕೆಂಬ ಕಾರಣಕ್ಕಾಗಿಯೇ ಈ ಪಟ್ಟಿಯಲ್ಲಿ ಕಂಸಾಳೆ ಪದಕ್ಕೆ ಮೊದಲ ಸ್ಥಾನ.

ಹಂತ 6: ಹಕ್ಕುಗಳನ್ನು ಪಡೆಯುವುದು

ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ ಮತ್ತು ಧ್ವನಿಮುದ್ರಣ ಎಂಬ ಪ್ರತ್ಯೇಕ ಹಕ್ಕುಗಳಿರುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿಯ ನಂತರ 60 ವರ್ಷ, ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಉಳಿಯುತ್ತದೆ. ಪರಂಪರೆಯಿಂದ ಬಂದ ಪದಕ್ಕೆ ಒಬ್ಬ ಕರ್ತೃವಿಲ್ಲದಿದ್ದರೂ ಅದರ ಕ್ಯಾಸೆಟ್ಟು, ಸೀಡಿಗಳ ಮುದ್ರಣಕ್ಕೆ ಒಡೆಯರಿರುತ್ತಾರೆ. ಆದ್ದರಿಂದ ಕಾರ್ಯಕ್ರಮವನ್ನು ನಿಲಯಕ್ಕೆ ಒಪ್ಪಿಸುವಾಗ ಪ್ರತಿ ಹಾಡಿನ ಕವಿ, ಸಂಯೋಜಕ, ಗಾಯಕ, ಚಿತ್ರ, ವರ್ಷ ಮತ್ತು ಧ್ವನಿಮುದ್ರಣ ಸಂಸ್ಥೆಯ ವಿವರಗಳನ್ನು ಕೊಟ್ಟು, ಅವುಗಳ ಪ್ರಸಾರಕ್ಕೆ ಪರವಾನಗಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಸಾರ ಮುಗಿದ ಬಳಿಕ ಕಂಸಾಳೆ ಮೇಳದ ಮೂಲ ಧ್ವನಿಮುದ್ರಣವನ್ನು ಅಳಿಸದೆ, ಹಾಡಿದವರ ಹೆಸರು, ಊರು, ದಿನಾಂಕ ಮತ್ತು ಸಾಲಿನ ವಿವರದೊಂದಿಗೆ ಕಾಪಿಡಬೇಕು, ಒಂದು ಪ್ರತಿಯನ್ನು ಮೇಳಕ್ಕೂ ಕೊಡಬೇಕು. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಒಂದು ದಿನ ಮೂಡಿದ ದನಿ ಇಂದಿಗೂ ದಿನಾಂಕಸಹಿತ ನೆನಪಾಗುತ್ತಿರುವುದು ಅಂದು ಯಾರೋ ಆ ದಿನವನ್ನು ಬರೆದಿಟ್ಟದ್ದರಿಂದ. ಬೆಟ್ಟದ ತಪ್ಪಲಿನ ಮೇಳದ ದನಿಗೂ ಅಂತಹದೊಂದು ದಿನಾಂಕ ಸಿಗಬೇಕು.