ಅವರು ಮೆಟ್ಟಿಲು ಹತ್ತಿದ್ದನ್ನು ನಾನೇ ನೋಡಿದ್ದೇನೆ

ಪ್ರಶ್ನೆ: ನನಗೆ 49 ವರ್ಷ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಬಲಗಾಲು ಹೋಯಿತು. ಕ್ಯಾಲಿಪರ್ ಹಾಕಿಕೊಂಡು ಓಡಾಡುತ್ತೇನೆ, ಶೇ. 75ರ ಪ್ರಮಾಣಪತ್ರ ಇದೆ. ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ಅರ್ಜಿ ಮೇಲೆ ಅರ್ಜಿ ಕೊಟ್ಟು, ಸಾಹೇಬರು ಬದಲಾದಾಗಲೆಲ್ಲ ಮತ್ತೆ ಮೊದಲಿನಿಂದ ಹೇಳಿ, ಕೊನೆಗೆ ರ‍್ಯಾಂಪ್ ಪಕ್ಕ ಅಂಗವಿಕಲರ ವಾಹನಕ್ಕೆಂದು ಒಂದು ಜಾಗ ಮಾಡಿಸಿಕೊಂಡೆ. ನನ್ನ ಸೈಡ್ ವೀಲ್ ಸ್ಕೂಟರ್ ಅಲ್ಲೇ ನಿಲ್ಲುತ್ತಿತ್ತು. ಕಳೆದ ವರ್ಷ ಅಂಗವಿಕಲರ ಕೋಟಾದಲ್ಲೇ ಆಯ್ಕೆಯಾಗಿ ಒಬ್ಬ ಹುಡುಗಿ ಬಂದಿದ್ದಾರೆ. ಎಲ್ಲರಂತೆ ಸ್ಕೂಟಿ, ಎಲ್ಲರಂತೆ ನಡಿಗೆ. ನನಗಿಂತ ಮೊದಲು ಬಂದು ಆ ಜಾಗದಲ್ಲಿ ಗಾಡಿ ನಿಲ್ಲಿಸುತ್ತಾರೆ. ಲಿಫ್ಟ್ ಕೆಟ್ಟಿದ್ದ ದಿನ ಎರಡು ಮಹಡಿ ಮೆಟ್ಟಿಲು ಹತ್ತಿದ್ದನ್ನು ನಾನೇ ನೋಡಿದ್ದೇನೆ, ಮೊಬೈಲಿನಲ್ಲಿ ವಿಡಿಯೊ ಇದೆ. ‘ದುಡ್ಡು ಬಿಸಾಕಿದರೆ ಸರ್ಟಿಫಿಕೇಟ್ ಯಾರಿಗೆ ಸಿಗಲ್ಲ ಬಿಡಿ’ ಎನ್ನುತ್ತಾರೆ ಸಹೋದ್ಯೋಗಿಗಳು. ಮೂಕರ್ಜಿ ಬರೆದು ವಿಡಿಯೊ ಜೊತೆಗೆ ಮೇಲಕ್ಕೆ ಕಳಿಸಿ ಎನ್ನುತ್ತಾರೆ. ನನ್ನ ಹೆಂಡತಿ ಬೇಡ ಅನ್ನುತ್ತಾಳೆ. ನಿಜವಾದ ಅಂಗವಿಕಲರ ಪಾಲನ್ನು ಬೇರೆಯವರು ತಿನ್ನುವಾಗ ಸುಮ್ಮನಿರಬೇಕೆ?
– ಹೆಸರು, ಊರು ಬೇಡ

ಉತ್ತರ: ಸುಮ್ಮನಿರಬೇಡಿ. ಆದರೆ ಮೂಕರ್ಜಿ ಬರೆಯಬೇಡಿ, ಆ ವಿಡಿಯೊವನ್ನು ಇವತ್ತೇ ಅಳಿಸಿ. ಮನೆಯವರು ಹೇಳಿದ್ದು ಸರಿ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಜಾಗಕ್ಕಾಗಿ ಎಷ್ಟು ಸಾಹೇಬರ ಮುಂದೆ ನಿಂತಿದ್ದೀರೋ, ಎಷ್ಟು ಸಲ ‘ನೋಡೋಣ’ ಅನ್ನಿಸಿಕೊಂಡಿದ್ದೀರೋ. ಹಾಗೆ ದಕ್ಕಿಸಿಕೊಂಡದ್ದು ಬೆಳಿಗ್ಗೆ ಬರುವಷ್ಟರಲ್ಲಿ ಬೇರೆಯವರ ಪಾಲಾಗಿದ್ದರೆ ಹೊಟ್ಟೆ ಉರಿಯುವುದು ಸಹಜ. ಆ ಉರಿಗೂ ಅವರ ಪ್ರಮಾಣಪತ್ರ ಸಾಚಾವೋ ಅಲ್ಲವೋ ಎಂಬುದಕ್ಕೂ ಸಂಬಂಧವಿಲ್ಲ, ಅಷ್ಟೆ. ಅಲ್ಲಿ ಎರಡು ಜಾಗಗಳಿದ್ದಿದ್ದರೆ ಈ ಪತ್ರ ಬರುತ್ತಿತ್ತೇ? ನನಗೆ ಅನುಮಾನ.

ಈಗ ಮೆಟ್ಟಿಲಿನ ವಿಷಯ. ಲಿಫ್ಟ್ ಕೆಟ್ಟಿತ್ತು ಎಂದು ನೀವೇ ಬರೆದಿದ್ದೀರಿ. ಅವರು ಇನ್ನೇನು ಮಾಡಬೇಕಿತ್ತು, ರಜೆ ಹಾಕಬೇಕಿತ್ತೇ? ವಿಡಿಯೊ ಮಾಡಿದವರು ನೀವೆಂದರೆ ಆ ದಿನ ಮೆಟ್ಟಿಲ ಬಳಿ ನೀವೂ ಇದ್ದಿರಿ. ನೀವು ಮೇಲೆ ಹೋಗಿದ್ದರೆ ಕ್ಯಾಲಿಪರ್ ಹಾಕಿಕೊಂಡು, ಕಂಬಿ ಹಿಡಿದು ಹತ್ತಿಯೇ ಹೋಗಿರುತ್ತೀರಿ. ಅದನ್ನು ಯಾರಾದರೂ ಹಿಂದಿನಿಂದ ಚಿತ್ರೀಕರಿಸಿ ‘ನೋಡಿ, ಹತ್ತುತ್ತಾನೆ’ ಎಂದಿದ್ದರೆ? ಹತ್ತಿದ್ದನ್ನು ನೋಡಿದ್ದೀರಿ. ಮಧ್ಯಾಹ್ನ ಅವರ ಸೊಂಟ, ಕೀಲು, ಸ್ನಾಯು ಯಾವ ಸ್ಥಿತಿಯಲ್ಲಿತ್ತು, ಮರುದಿನ ಹಾಸಿಗೆಯಿಂದ ಏಳಲು ಎಷ್ಟು ಹೊತ್ತಾಯಿತು ಎಂಬುದು ನಿಮ್ಮ ಮೊಬೈಲಿಗೆ ಸಿಕ್ಕಿಲ್ಲ. ಮಸ್ಕ್ಯುಲರ್ ಡಿಸ್ಟ್ರಫಿ ಇರುವವರು ಆರಂಭದ ವರ್ಷಗಳಲ್ಲಿ ಸಮತಟ್ಟಾದ ನೆಲದಲ್ಲಿ ಎಲ್ಲರಂತೆಯೇ ನಡೆಯಬಲ್ಲರು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ಬೆಳಿಗ್ಗೆ ಇದ್ದ ಕಸುವು ಸಂಜೆಗೆ ಇಲ್ಲದಿರಬಹುದು. ಈ ಹುಡುಗಿಗೆ ಇವುಗಳಲ್ಲಿ ಯಾವುದೋ ಒಂದಿದೆ ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ನಿಮ್ಮ ತಲೆಮಾರಿನವರಿಗೆ ಇದು ಕಷ್ಟವಾಗುವುದಕ್ಕೆ ಕಾರಣವಿದೆ. ಅಂಗವಿಕಲತೆ ಎಂದರೆ ಹೇಗಿರುತ್ತದೆ ಎಂಬುದನ್ನು ನಮ್ಮೂರುಗಳಿಗೆ ಕಲಿಸಿದ್ದೇ ಪೋಲಿಯೊ. ಕ್ಯಾಲಿಪರ್, ಊರುಗೋಲು, ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್. ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ನಿಮ್ಮ ಹಿಂದೆ ಆ ಸಾಲಿನಲ್ಲಿ ಬರುವವರು ಕಡಿಮೆಯಾಗುತ್ತಾರೆ, ಅದು ಸಂತೋಷದ ಸಂಗತಿ. ಮುಂದೆ ಕೋಟಾದಲ್ಲಿ ಬರುವವರು ನಿಮ್ಮ ಹಾಗೆ ಕಾಣಿಸುವುದಿಲ್ಲ. 1995ರ ಕಾಯ್ದೆ ಏಳು ಬಗೆಯ ಅಂಗವಿಕಲತೆಯನ್ನು ಗುರುತಿಸಿತ್ತು. 2016ರ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸಿದೆ: ಹಿಮೋಫಿಲಿಯಾ, ಥಲಸ್ಸೀಮಿಯಾ, ಪಾರ್ಕಿನ್ಸನ್, ಆಟಿಸಂ, ಕಲಿಕಾ ನ್ಯೂನತೆ ಎಲ್ಲ ಸೇರಿ. ಇವುಗಳಲ್ಲಿ ಅರ್ಧದಷ್ಟನ್ನಾದರೂ ಪಾರ್ಕಿಂಗ್ ಜಾಗದಲ್ಲಿ ನಿಂತು ನೋಡಿ ಪತ್ತೆ ಹಚ್ಚಲಾಗದು. ವೈದ್ಯರಿಗೂ ಆಗದು, ಅದಕ್ಕೇ ಪರೀಕ್ಷೆ, ಅಳತೆ, ದಾಖಲೆ ಇರುವುದು. ಪಾಲಿನ ಮಾತೆತ್ತಿದ್ದೀರಿ. ಅದೇ ಕಾಯ್ದೆ ನೌಕರಿಯ ಮೀಸಲಾತಿಯನ್ನು ಶೇ. 3ರಿಂದ 4ಕ್ಕೆ ಏರಿಸಿ ಗುಂಪುಗಳಿಗೆ ಹಂಚಿದೆ. ದೃಷ್ಟಿದೋಷದವರಿಗೆ ಒಂದು, ಶ್ರವಣದೋಷದವರಿಗೆ ಒಂದು, ಚಲನದೋಷದವರಿಗೆ ಒಂದು, ಉಳಿದ ಕೆಲವು ಬಗೆಯವರಿಗೆ ಒಂದು. ಅವರು ಯಾವ ಗುಂಪಿನಲ್ಲಿ ಆಯ್ಕೆಯಾದರೆಂಬುದೂ ನಿಮಗೆ ತಿಳಿದಂತಿಲ್ಲ.

ಸುಳ್ಳು ಪ್ರಮಾಣಪತ್ರ ಎಂಬುದೇ ಇಲ್ಲವೆಂದು ವಾದಿಸಲು ನಾನು ಹೊರಟಿಲ್ಲ. ಇದೆ. ಅದರಿಂದ ಹೆಚ್ಚು ನಷ್ಟವಾಗುವುದೂ ನಿಮ್ಮಂಥವರಿಗೇ. ಹೀಗೆ ಸೌಲಭ್ಯ ಪಡೆದವರಿಗೆ, ಪಡೆಯಲು ಹವಣಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು ಕಾಯ್ದೆಯ 91ನೇ ಕಲಮು ಹೇಳುತ್ತದೆ. ಗಟ್ಟಿ ಆಧಾರವಿದ್ದರೆ, ಎಂದರೆ ತಿದ್ದಿದ ದಾಖಲೆ, ಬೇರೆಯವರ ಹೆಸರಿನ ವರದಿ, ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ ಇಂಥದ್ದೇನಾದರೂ ಇದ್ದರೆ, ನಿಮ್ಮ ಹೆಸರು ಹಾಕಿ, ಸಹಿ ಮಾಡಿ ದೂರು ಕೊಡಿ. ಅವರ ನಡಿಗೆ ಆಧಾರವಲ್ಲ.

ಸಹಿ ಏಕೆಂದರೆ, ಗುಮಾನಿ ಒಮ್ಮೆ ಬಾಗಿಲು ದಾಟಿದರೆ ಯಾರ ಮನೆಗೆ ಹೋಗುತ್ತದೆಂದು ಹೇಳಲಾಗದು. 2024ರಲ್ಲಿ ಮಹಾರಾಷ್ಟ್ರದ ಪ್ರೊಬೇಷನರಿ ಐಎಎಸ್ ಅಧಿಕಾರಿಯೊಬ್ಬರ ಗದ್ದಲ ನಿಮಗೆ ನೆನಪಿರಬೇಕು. ಗುರುತು ಬದಲಿಸಿ ಮಿತಿಗಿಂತ ಹೆಚ್ಚು ಸಲ ಪರೀಕ್ಷೆ ಬರೆದರೆಂದು ಯುಪಿಎಸ್‌ಸಿ ಅವರ ಆಯ್ಕೆಯನ್ನು ರದ್ದು ಮಾಡಿತು. ಅಂಗವಿಕಲ ಪ್ರಮಾಣಪತ್ರದ ಬಗೆಗೂ ಆರೋಪಗಳಿದ್ದವು. ಅಲ್ಲಿಗೆ ನಿಂತಿತೇ? ಆ ಕೋಟಾದಲ್ಲಿ ಬಂದಿದ್ದ ಬೇರೆ ಅಧಿಕಾರಿಗಳ ಹಳೆಯ ವಿಡಿಯೊಗಳನ್ನೆಲ್ಲ ಜನ ಹೆಕ್ಕಿ ತೆಗೆದರು. ತೆಲಂಗಾಣದ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಆಡಳಿತ ಸೇವೆಗೆ ಈ ಮೀಸಲಾತಿಯಾದರೂ ಏಕೆ ಬೇಕು ಎಂದು ಬಹಿರಂಗವಾಗಿ ಕೇಳಿದರು. ಒಬ್ಬರ ಮೇಲಿನ ಆರೋಪ ಕೆಲವೇ ವಾರಗಳಲ್ಲಿ ಎಲ್ಲರ ಮೇಲಿನ ಪ್ರಶ್ನೆಯಾಯಿತು. ನಿಮಗೆ ಮೂಕರ್ಜಿಯ ಉಪಾಯ ಹೇಳಿಕೊಡುತ್ತಿರುವ ಸಹೋದ್ಯೋಗಿಗಳಿದ್ದಾರಲ್ಲ, ನಾಳೆ ಬಡ್ತಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಅವರಿಗಿಂತ ಮೇಲೆ ಬಂದರೆ ಏನು ಮಾತಾಡಿಕೊಳ್ಳುತ್ತಾರೆ? ಅವರ ಬಾಯಿಗೆ ಸುಲಭದ ವಾಕ್ಯವೊಂದು ಈಗಾಗಲೇ ಸಿದ್ಧವಾಗಿದೆ. ನೀವೇ ಅದನ್ನು ಪತ್ರದಲ್ಲಿ ಬರೆದು ಕಳಿಸಿದ್ದೀರಿ.

2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ ಕೊಟ್ಟ ತೀರ್ಪು ಸಿಕ್ಕರೆ ಓದಿ. ಬರೆಯಲು ಕೂತರೆ ಅವರ ಕೈ ಸೆಟೆದುಕೊಳ್ಳುತ್ತಿತ್ತು, ನೋಡಿದವರಿಗೆ ಬೇರೇನೂ ಕಾಣುತ್ತಿರಲಿಲ್ಲ. ಅಂಗವಿಕಲತೆ ಶೇ. 40 ಮುಟ್ಟಿಲ್ಲವೆಂದು ಬರವಣಿಗೆಗೆ ಸಹಾಯಕನನ್ನು ಕೊಡಲು ಒಪ್ಪಿರಲಿಲ್ಲ. ಕೊಟ್ಟರೆ ದುರುಪಯೋಗವಾದೀತು ಎಂಬ ವಾದವೂ ಬಂತು. ಯಾರೋ ದುರುಪಯೋಗ ಮಾಡಿಯಾರೆಂಬ ಭಯಕ್ಕೆ ಅಗತ್ಯವಿದ್ದವರಿಗೆ ಅನುಕೂಲ ನಿರಾಕರಿಸಲಾಗದು ಎಂಬುದು ನ್ಯಾಯಾಲಯದ ನಿಲುವಾಯಿತು.

ವಿಡಿಯೊ ಬಗ್ಗೆ ಇನ್ನೊಂದು ಮಾತು. ಅಂಗವಿಕಲ ವ್ಯಕ್ತಿಯನ್ನು ನಾಲ್ಕು ಜನರೆದುರು ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆ ಎಂದು 92ನೇ ಕಲಮು ಹೇಳುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ವಿಡಿಯೊಗೆ ಅದು ತಾಗುತ್ತದೋ ಇಲ್ಲವೋ ವಕೀಲರು ವಾದಿಸಲಿ. ಆ ವಾದದಲ್ಲಿ ನೀವು ಆರೋಪಿಯ ಸ್ಥಾನದಲ್ಲಿ ಕೂರುವುದು ಬೇಡ.

ಮಾಡಬೇಕಾದದ್ದು ಬೇರೆ ಇದೆ. ಮೊದಲು ಅವರೊಡನೆ ಮಾತಾಡಿ. ‘ನಿಮಗೇನಾಗಿದೆ’ ಎಂದು ಕೇಳಬೇಡಿ. ‘ಎಷ್ಟು ಪರ್ಸೆಂಟ್’ ಅಂತಂತೂ ಬೇಡವೇ ಬೇಡ, ಬಸ್ಸಿನಲ್ಲಿ ಪಾಸ್ ತೋರಿಸುವಾಗ ಆ ಪ್ರಶ್ನೆ ಕೇಳಿಸಿಕೊಂಡ ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ತೊಂದರೆಯನ್ನು ಹೇಳಿ: ‘ಮೇಡಂ, ನನ್ನ ಗಾಡಿಗೆ ಅಗಲ ಜಾಗ ಬೇಕು, ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತರೆ ಕಾಲು ತೆಗೆದು ಇಳಿಯಲು ಆಗುವುದಿಲ್ಲ. ಹೇಗೆ ಹೊಂದಿಸಿಕೊಳ್ಳೋಣ?’ ಅವರು ತಮ್ಮ ಕಾರಣ ಹೇಳಬಹುದು, ಹೇಳದೆಯೂ ಇರಬಹುದು. ಹೊಸ ಜಾಗದಲ್ಲಿ ಒಂದು ವರ್ಷದಿಂದ ಎಲ್ಲರ ನೋಟ ಬೆನ್ನಿಗೆ ನಾಟುತ್ತಿರುವವರು ಮೊದಲ ಸಲಕ್ಕೇ ಮನಸ್ಸು ಬಿಚ್ಚಲಿಕ್ಕಿಲ್ಲ. ಒರಟಾಗಿ ಉತ್ತರಿಸಿದರೂ ಅದನ್ನು ಸುಳ್ಳಿನ ಗುರುತು ಎಂದುಕೊಳ್ಳಬೇಡಿ.

ಆಮೇಲೆ ಅರ್ಜಿ. ನಿಮಗೆ ಚೆನ್ನಾಗಿ ಬರೆಯಲು ಬರುತ್ತದೆ, ಕೈ ಪಳಗಿದೆ. ಕೇಂದ್ರದ ಸುಗಮ್ಯತಾ ಮಾರ್ಗಸೂಚಿಯ ಪ್ರಕಾರ ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗೆ, 3.6 ಮೀಟರ್ ಅಗಲದ ಎರಡು ಜಾಗಗಳಾದರೂ ಇರಬೇಕು. ನಿಮ್ಮ ಕಚೇರಿಯಲ್ಲಿ ಒಂದಿದೆ. ಎರಡನೆಯದನ್ನು ಕೇಳಿ, ಲಿಫ್ಟ್ ಇನ್ನೂ ಕೆಟ್ಟೇ ಇದ್ದರೆ ಅದನ್ನೂ ಸೇರಿಸಿ. ಆ ಹುಡುಗಿ ಒಪ್ಪಿದರೆ ಇಬ್ಬರೂ ಸಹಿ ಹಾಕಿ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಅಂಗವಿಕಲರ ಅಹವಾಲಿಗೆ ಒಬ್ಬ ಅಧಿಕಾರಿಯನ್ನು ನೇಮಿಸಿರಬೇಕು. ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ನಡೆಸಬೇಕು. ನಿಮ್ಮಲ್ಲಿ ಅಂಥವರು ಯಾರೆಂದು ಲಿಖಿತವಾಗಿ ಕೇಳಿ. ‘ಯಾರೂ ಇಲ್ಲ’ ಎಂಬ ಉತ್ತರ ಬಂದರೆ ಅದರ ಪ್ರತಿಯನ್ನು ಲಗತ್ತಿಸಿ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.